ಮೀನಿನ ತೊಟ್ಟಿಯಿರುವ ಕೋಣೆಗೆ ಮಂಚ: ಮುಲುಂಡಿನ ಒಂದು ಮನೆಯ ಪ್ರಕರಣ ಅಧ್ಯಯನ

ಮುಂಬಯಿಯ ಈಶಾನ್ಯ ತುದಿಯಲ್ಲಿರುವ ಮುಲುಂಡಿನ ಹಳೆಯ ಹೌಸಿಂಗ್ ಸೊಸೈಟಿ ಕಟ್ಟಡವೊಂದರ ಮೂರನೆಯ ಮಹಡಿಯಲ್ಲಿ, ಮೂಲತಃ ಕುಂದಾಪುರ ಕಡೆಯ ಕನ್ನಡ ಕುಟುಂಬವೊಂದು ವಾಸವಾಗಿದೆ. ಒಂದು ಹಾಲ್, ಒಂದು ಅಡುಗೆಮನೆ, ಒಂದು ಮಲಗುವ ಕೋಣೆಯ ಮನೆ. ಗಂಡ ಬ್ಯಾಂಕಿನಲ್ಲಿ, ಹೆಂಡತಿ ಶಾಲೆಯಲ್ಲಿ ಕೆಲಸ ಮಾಡುತ್ತಾರೆ. ಐದನೆಯ ತರಗತಿಯಲ್ಲಿ ಓದುವ ಮಗನಿದ್ದಾನೆ. ಗಂಡನ ತಾಯಿ ವರ್ಷದ ಬಹುಭಾಗವನ್ನು ಈಗ ಇಲ್ಲಿಯೇ ಕಳೆಯುತ್ತಾರೆ. ತಾಯಿಗೆ ಹಾಲಿನಲ್ಲಿ ದಿವಾನ್ ಹಾಕಬೇಕಾಗಿ ಬಂದುದರಿಂದ ಅಲ್ಲಿದ್ದ ಮೂರು ಅಡಿಯ ಮೀನಿನ ತೊಟ್ಟಿಗೆ ಜಾಗವಿಲ್ಲದಂತಾಯಿತು. ತೊಟ್ಟಿಯನ್ನು ಮಲಗುವ ಕೋಣೆಗೆ ಸಾಗಿಸುವುದು, ಅದೇ ಸಂದರ್ಭದಲ್ಲಿ ಕೀಲು ಸಡಿಲಾಗಿದ್ದ ಹಳೆಯ ಮಂಚವನ್ನು ತೆಗೆದು ಹೊಸದನ್ನು ತರುವುದು ಎಂದು ಮನೆಯವರು ನಿರ್ಧರಿಸಿದರು. ಮುಂಬಯಿಯ ಕನ್ನಡ ಕುಟುಂಬಗಳ ಮನೆಗಳಲ್ಲಿ ಒಳಾಂಗಣದ ಕೆಲಸ ಮಾಡುವ ನನ್ನನ್ನು ಅವರು ಕರೆಸಿಕೊಂಡದ್ದು ಮಂಚದ ಆಯ್ಕೆಗೆ. ಆದರೆ ಇಂಥ ಕೋಣೆಯಲ್ಲಿ ಮೊದಲು ತೊಟ್ಟಿಯ ಸ್ಥಾನ ನಿಗದಿಯಾಗಬೇಕು, ಮಂಚ ಆಮೇಲೆ ಅದಕ್ಕೆ ಹೊಂದಿಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಂಚವನ್ನು ಒಂದು ಅಡಿ ಆಚೀಚೆ ಸರಿಸಬಹುದು, ಕಿರಿದಾಗಿಸಬಹುದು, ಎತ್ತರಿಸಬಹುದು. ನೀರು ತುಂಬಿದ ತೊಟ್ಟಿಯನ್ನು ಅಂಗುಲವೂ ಅಲುಗಿಸಲಾಗದು.

ಕೋಣೆಯ ಅಳತೆ ಪೂರ್ವ-ಪಶ್ಚಿಮವಾಗಿ 11 ಅಡಿ, ಉತ್ತರ-ದಕ್ಷಿಣವಾಗಿ 10 ಅಡಿ. ಪಶ್ಚಿಮ ಗೋಡೆಯ ಉತ್ತರ ಭಾಗದಲ್ಲಿ ಎರಡು ಅಡಿ ಆಳದ, ಆರು ಅಡಿ ಉದ್ದದ ಕಪಾಟನ್ನು ಗೋಡೆಗೇ ಕಟ್ಟಲಾಗಿದೆ. ಅದೇ ಗೋಡೆಯ ದಕ್ಷಿಣ ತುದಿಯಲ್ಲಿ ಕೋಣೆಯ ಬಾಗಿಲು. ಉತ್ತರ ಗೋಡೆಯಲ್ಲಿ, ಕಪಾಟಿನ ಪಕ್ಕಕ್ಕೆ, ಬಚ್ಚಲುಮನೆಯ ಬಾಗಿಲು. ಪೂರ್ವಕ್ಕೆ ಕಿಟಕಿ, ಅದರಾಚೆ ಕೈಗೆಟಕುವಷ್ಟು ಹತ್ತಿರದಲ್ಲಿ ಇನ್ನೊಂದು ಕಟ್ಟಡ. ನೇರ ಬಿಸಿಲು ಬೀಳದಿರುವುದು ಮನೆಯವರಿಗೆ ಕೊರತೆಯೆನಿಸಿದರೂ ತೊಟ್ಟಿಗೆ ಅನುಕೂಲವೇ. ಹಾಲಿನ ಕಿಟಕಿಯ ಬಿಸಿಲಿನಲ್ಲಿ ತೊಟ್ಟಿಯ ಗಾಜಿಗೆ ಪದೇ ಪದೇ ಹಸಿರು ಪಾಚಿ ಹಿಡಿಯುತ್ತಿತ್ತು.

ಮನೆಯವರ ಬೇಡಿಕೆಗಳು ಒಂದಕ್ಕೊಂದು ಎದುರಾಗಿದ್ದವು. ಮಗ ಇನ್ನೂ ಕೆಲವು ರಾತ್ರಿ ತಂದೆತಾಯಿಯ ಜೊತೆ ಮಲಗುವುದರಿಂದ ಆರು ಅಡಿ ಅಗಲದ ಕಿಂಗ್ ಸೈಜ್ ಮಂಚ ಬೇಕೆಂಬುದು ಗಂಡನ ಅಪೇಕ್ಷೆ. ಅಷ್ಟೇ ಅಲ್ಲ, ಹೇಗೂ ತೊಟ್ಟಿ ಜಾಗ ಬದಲಿಸುತ್ತಿರುವಾಗ ನಾಲ್ಕು ಅಡಿಯದನ್ನೇ ತಂದರೆ ಹೇಗೆ ಎಂದೂ ಅವರು ಯೋಚಿಸುತ್ತಿದ್ದರು. ಹೆಂಡತಿಗೆ ಮಂಚದ ಕೆಳಗೆ ತಳದವರೆಗೂ ಪೆಟ್ಟಿಗೆ ಬೇಕಿತ್ತು. ಒಂದೇ ಕೋಣೆಯ ಮನೆಯಲ್ಲಿ ಊರಿನಿಂದ ಬಂದವರ ಹಾಸಿಗೆ, ಹೊದಿಕೆ, ಸೂಟ್‌ಕೇಸು, ಹಬ್ಬದ ಪಾತ್ರೆ ಇವನ್ನೆಲ್ಲ ಇಡುವುದೆಲ್ಲಿ ಎಂಬ ಅವರ ಪ್ರಶ್ನೆ ಸಂಪೂರ್ಣ ನ್ಯಾಯವಾದದ್ದು. ಮಲಗುವ ಕೋಣೆಯಲ್ಲಿ ನೀರು ನಿಲ್ಲಿಸುವುದನ್ನೇ ತಾಯಿ ಮೊದಲು ಒಪ್ಪಲಿಲ್ಲ. ಕೊನೆಗೆ, “ಮಗಾ, ಮೀನನ್ನು ಎಲ್ಲಿ ಬೇಕಾದರೂ ಇಡು, ಉತ್ತರಕ್ಕೆ ಮಾತ್ರ ತಲೆ ಹಾಕಿ ಮಲಗಬೇಡಿ” ಎಂದರು. ಈ ಮಾತನ್ನು ನಾನು ಬದಿಗಿಡಲಿಲ್ಲ. ಮನೆಯ ಹಿರಿಯರಿಗೆ ಸಮಾಧಾನವಿಲ್ಲದ ಮಂಚದ ಮೇಲೆ ಮಕ್ಕಳು ನೆಮ್ಮದಿಯಿಂದ ಮಲಗಲಾರರು; ಅಲ್ಲದೆ ಅವರ ಎರಡು ನಂಬಿಕೆಗಳು, ಅಂದರೆ ತಲೆ ದಕ್ಷಿಣಕ್ಕೆ ಇರಬೇಕು ಮತ್ತು ನೀರಿದ್ದರೆ ಈಶಾನ್ಯದ ಕಡೆ ಇರಬೇಕು ಎಂಬುವು, ಈ ಕೋಣೆಯ ಮಟ್ಟಿಗೆ ಲೆಕ್ಕಾಚಾರ ತೋರಿಸಿದ ದಾರಿಗೇ ಬಂದು ಸೇರಿದವು.

ತೊಟ್ಟಿಯ ಭಾರ ಮತ್ತು ಅದರ ಸ್ಥಾನ

ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. ಮೂರು ಅಡಿ ಉದ್ದ, 15 ಇಂಚು ಅಗಲ, 18 ಇಂಚು ಎತ್ತರದ ತೊಟ್ಟಿಯನ್ನು ಅಂಚಿನವರೆಗೆ ತುಂಬಿದರೆ ಸುಮಾರು 160 ಲೀಟರ್ ಹಿಡಿಯುತ್ತದೆ. ಮೇಲೆ ಬಿಡುವ ಜಾಗವನ್ನೂ ಜಲ್ಲಿಯನ್ನೂ ಕಳೆದರೆ ನಿಜವಾಗಿ ಇರುವ ನೀರು ಸುಮಾರು 140 ಲೀಟರ್. ಎಂಟು ಮಿಲಿಮೀಟರ್ ಗಾಜಿನ ತೂಕ ಸುಮಾರು 30 ಕಿಲೋ, ಜಲ್ಲಿ 20 ಕಿಲೋ, ಕೆಳಗಿನ ಸ್ಟ್ಯಾಂಡ್ 30 ಕಿಲೋ. ಒಟ್ಟು 220 ಕಿಲೋ ಭಾರ ಅರ್ಧ ಚದರ ಮೀಟರಿಗೂ ಕಡಿಮೆ ಜಾಗದಲ್ಲಿ ಹಗಲಿರುಳು ಕುಳಿತಿರುತ್ತದೆ. ಗಂಡ ಬಯಸಿದ ನಾಲ್ಕು ಅಡಿಯ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ತೊಟ್ಟಿಯಾದರೆ ನೀರೇ 250 ಲೀಟರಿನ ಹತ್ತಿರಕ್ಕೆ ಹೋಗಿ ಒಟ್ಟು ಭಾರ 350 ಕಿಲೋ ಮೀರುತ್ತದೆ. ಭಾರತೀಯ ಮಾನಕ 875ರ ಎರಡನೆಯ ಭಾಗವು ವಾಸದ ಕೋಣೆಗಳ ನೆಲಕ್ಕೆ ಪ್ರತಿ ಚದರ ಮೀಟರಿಗೆ 2 ಕಿಲೋನ್ಯೂಟನ್, ಎಂದರೆ ಸುಮಾರು 200 ಕಿಲೋ ಬಳಕೆಯ ಭಾರವನ್ನು ಲೆಕ್ಕಕ್ಕೆ ಹಿಡಿಯಬೇಕೆನ್ನುತ್ತದೆ. ಅದು ಇಡೀ ನೆಲಕ್ಕೆ ಹರಡಿದ ಭಾರವಾದ್ದರಿಂದ ಗೋಡೆಯ ಬುಡದಲ್ಲಿ, ತೊಲೆಯ ಮೇಲೆ ಕೂರುವ ಮೂರು ಅಡಿಯ ತೊಟ್ಟಿ ಆತಂಕದ ವಿಷಯವಲ್ಲ. ಆದರೆ ಅದೇ ತೊಟ್ಟಿಯನ್ನು ಸ್ಲ್ಯಾಬಿನ ನಡುವೆ ಇಡುವುದೂ, ಹಳೆಯ ಕಟ್ಟಡದಲ್ಲಿ ದೊಡ್ಡ ತೊಟ್ಟಿ ಇಡುವುದೂ ಎಂಜಿನಿಯರನ್ನು ಕೇಳದೆ ಮಾಡುವ ಕೆಲಸಗಳಲ್ಲ.

ಇಲ್ಲಿ ಮುಂಬಯಿಯ ಒಂದು ನಿಯಮ ನೆರವಿಗೆ ಬಂದಿತು. ಮುಂಬಯಿ ಮಹಾನಗರಪಾಲಿಕೆ ಕಾಯ್ದೆಯ 353ಬಿ ಕಲಮಿನ ಪ್ರಕಾರ 30 ವರ್ಷ ದಾಟಿದ ಕಟ್ಟಡಗಳು ರಚನಾ ಭದ್ರತೆಯ ಪ್ರಮಾಣಪತ್ರ ಪಡೆಯಬೇಕು. ಆ ತಪಾಸಣೆಗಾಗಿ ಸಿದ್ಧವಾದ ನಕ್ಷೆ ಸೊಸೈಟಿಯ ಕಚೇರಿಯಲ್ಲಿತ್ತು. ಕೋಣೆಯ ಉತ್ತರ ಗೋಡೆಯ ಕೆಳಗೆ ತೊಲೆ ಹಾದುಹೋಗಿರುವುದು ಅದರಿಂದ ಖಚಿತವಾಯಿತು. ಬಚ್ಚಲುಮನೆಯ ಬಾಗಿಲೂ ಅದೇ ಗೋಡೆಯಲ್ಲಿರುವುದರಿಂದ ನೀರು ಬದಲಿಸುವ ಕೊಳವೆಗೆ ಐದಾರು ಅಡಿಯ ದಾರಿ ಸಾಕು. ಹೀಗೆ ತೊಟ್ಟಿ ಉತ್ತರ ಗೋಡೆಯ ಪೂರ್ವ ಭಾಗದಲ್ಲಿ ನೆಲೆಗೊಂಡಿತು. ನಾಲ್ಕು ಅಡಿಯ ತೊಟ್ಟಿಯ ವಿಚಾರ ಅಲ್ಲಿಗೆ ನಿಂತಿತು.

ಎರಡು ಅಡಿಯ ದಾರಿ

ತೊಟ್ಟಿಯ ಮುಂದೆ ಎಷ್ಟು ಜಾಗ ಬಿಡಬೇಕು ಎಂಬುದೇ ಈ ಪ್ರಕರಣದ ತಿರುಳು. ಅಂಗಡಿಗಳಲ್ಲಿ ಮಂಚವನ್ನು ನೋಡುವಾಗ ನಮ್ಮ ಕಣ್ಣು ತಲೆಹಲಗೆಯ ಕೆತ್ತನೆಯ ಮೇಲೂ ಪಾಲಿಶಿನ ಹೊಳಪಿನ ಮೇಲೂ ಇರುತ್ತದೆ. ಆದರೆ ಮೀನು ಸಾಕುವವರ ಮನೆಯಲ್ಲಿ ವಾರಕ್ಕೊಮ್ಮೆ ನಡೆಯಲೇಬೇಕಾದ ಕೆಲಸವೊಂದಿದೆ: ನಾಲ್ಕನೆಯ ಒಂದು ಭಾಗದಷ್ಟು ನೀರನ್ನು ತೆಗೆದು ಹೊಸ ನೀರನ್ನು ತುಂಬುವುದು. ಈ ತೊಟ್ಟಿಯ ಲೆಕ್ಕದಲ್ಲಿ ಅದು ಸುಮಾರು 35 ಲೀಟರ್, ಎಂದರೆ ಎರಡು ದೊಡ್ಡ ಬಕೆಟ್. ಭಾತ್ಸಾ, ತಾನ್ಸಾ, ಮೋಡಕ್ ಸಾಗರ ಮೊದಲಾದ ಏಳು ಕೆರೆಗಳಿಂದ ಬರುವ ಮುಂಬಯಿಯ ನೀರು ಕ್ಲೋರಿನ್ ಬೆರೆತೇ ನಲ್ಲಿಗೆ ಬರುತ್ತದೆ. ಅದನ್ನು ಮೊದಲೇ ಬಕೆಟಿನಲ್ಲಿ ಹಿಡಿದು, ಕ್ಲೋರಿನ್ ಹೋಗಲಾಡಿಸುವ ಔಷಧ ಹಾಕಿ, ಆಮೇಲೆ ತೊಟ್ಟಿಗೆ ಹುಯ್ಯಬೇಕು. ತುಂಬಿದ ಬಕೆಟ್ ಹಿಡಿದ ಮನುಷ್ಯನು ಮಂಚದ ಮೂಲೆಗೆ ಮೊಣಕಾಲು ತಾಗಿಸಿಕೊಳ್ಳದೆ ತೊಟ್ಟಿಯ ಎದುರು ನಿಂತು, ಬಗ್ಗಿ, ಏಳಲು 24 ಇಂಚು ಬೇಕೇ ಬೇಕು. ದಾರಿ ಇಕ್ಕಟ್ಟಾದ ಮನೆಗಳಲ್ಲಿ ವಾರದ ಕೆಲಸ ಹದಿನೈದು ದಿನಕ್ಕೆ, ಆಮೇಲೆ ತಿಂಗಳಿಗೆ ಜಾರುವುದನ್ನು ನಾನು ನೋಡುತ್ತಲೇ ಬಂದಿದ್ದೇನೆ. ಆ ಮನೆಗಳಲ್ಲಿ ಮೀನು ಸಾಯುವುದು ಯಾರ ನಿರ್ಲಕ್ಷ್ಯದಿಂದಲೂ ಅಲ್ಲ, ಮಂಚದ ಅಳತೆಯಿಂದ.

ದಕ್ಷಿಣದ ಗೋಡೆಗೆ ತಲೆಯಿಟ್ಟು ಮಂಚವನ್ನು ಹಾಕಿದಾಗ ಉತ್ತರದ ತುದಿಯಲ್ಲಿ ಉಳಿಯುವ ಜಾಗವನ್ನು ಹೀಗೆ ಲೆಕ್ಕ ಹಾಕಲಾಯಿತು. ಕೋಣೆ 120 ಇಂಚು. ಸ್ಟ್ಯಾಂಡ್ ಮತ್ತು ಅದರ ಹಿಂದಿನ ವಯರುಗಳಿಗೆ 18 ಇಂಚು. ನಮ್ಮ ಮಾರುಕಟ್ಟೆಯಲ್ಲಿ ಹಾಸಿಗೆಗಳು 72, 75, 78 ಇಂಚು ಉದ್ದಗಳಲ್ಲಿ ಸಿಗುತ್ತವೆ. 78 ಇಂಚಿನದಕ್ಕೆ ಸಾಧಾರಣ ತಲೆಹಲಗೆ ಮತ್ತು ಚೌಕಟ್ಟು ಸೇರಿ 82 ಇಂಚಾದರೆ ಉಳಿಯುವುದು 20 ಇಂಚು ಮಾತ್ರ. 72 ಇಂಚಿನದಾದರೆ ಜಾಗ ಧಾರಾಳ, ಆದರೆ ಐದಡಿ ಎಂಟು ಇಂಚು ಎತ್ತರದ ಗಂಡನಿಗೆ ದಿಂಬಿನ ಜಾಗ ಕಳೆದು ಕಾಲು ಚಾಚಲು ಇಕ್ಕಟ್ಟು. 75 ಇಂಚಿನ ಹಾಸಿಗೆ, ಮೂರು ಇಂಚಿನೊಳಗೆ ಮುಗಿಯುವ ತೆಳುವಾದ ತಲೆಹಲಗೆ, ಕಾಲಿನ ಕಡೆ ಹಲಗೆಯೇ ಇಲ್ಲ: ಹೀಗೆ ಮಾಡಿದಾಗ ಸರಿಯಾಗಿ 24 ಇಂಚು ದಕ್ಕಿತು. ಕಾಲುಹಲಗೆಯನ್ನು ಬಿಟ್ಟದ್ದಕ್ಕೆ ಇನ್ನೊಂದು ಕಾರಣವೂ ಇದೆ. ಹಾಸಿಗೆಯ ಮೇಲ್ಮೈ ನೆಲದಿಂದ 20 ಇಂಚು, ತೊಟ್ಟಿಯ ತಳ 30 ಇಂಚು. ಮಲಗಿದವರು ದಿಂಬಿಗೆ ಒರಗಿ ನೋಡಿದರೆ ತಮ್ಮ ಪಾದಗಳ ಮೇಲಿಂದ ಇಡೀ ತೊಟ್ಟಿ ಕಾಣುತ್ತದೆ. ಎತ್ತರದ ಕಾಲುಹಲಗೆ ಆ ನೋಟವನ್ನೇ ನುಂಗಿಬಿಡುತ್ತಿತ್ತು.

ಅಗಲದ ವಿಷಯದಲ್ಲಿ ಚರ್ಚೆ ದೀರ್ಘವಾಗಿ ನಡೆಯಿತು. ಪೂರ್ವ-ಪಶ್ಚಿಮದ 132 ಇಂಚಿನಲ್ಲಿ ಕಪಾಟಿಗೆ 24 ಹೋದರೆ ಉಳಿಯುವುದು 108. ಕಿಂಗ್ ಸೈಜಿನ ಮಂಚ ಚೌಕಟ್ಟು ಸೇರಿ 74 ಇಂಚು ತಿಂದುಬಿಡುತ್ತದೆ. ಮಿಕ್ಕ 34 ಇಂಚಿನಲ್ಲಿ ಕಪಾಟಿನ ಬಾಗಿಲು ತೆರೆಯಲು ಬಿಟ್ಟರೆ ಕಿಟಕಿಯ ಕಡೆ ಮಂಚವನ್ನು ಗೋಡೆಗೆ ಅಂಟಿಸಿಯೇ ಹಾಕಬೇಕಾಗುತ್ತದೆ, ಆ ಬದಿ ಮಲಗಿದವರು ಇನ್ನೊಬ್ಬರನ್ನು ದಾಟಿಯೇ ಏಳಬೇಕಾಗುತ್ತದೆ. 60 ಇಂಚಿನ ಕ್ವೀನ್ ಸೈಜ್ ಹಾಕಿದರೆ ಚೌಕಟ್ಟು ಸೇರಿ 62. ಕಪಾಟಿನ ಕಡೆ 28, ಕಿಟಕಿಯ ಕಡೆ 18 ಇಂಚು ಸಿಗುತ್ತದೆ. ಕಿಟಕಿಯ ಕಡೆಯ ಆ ಕಿರುದಾರಿ ಬರೀ ಏಳುವುದಕ್ಕಲ್ಲ. ಮಳೆಗಾಲದಲ್ಲಿ ಕಿಟಕಿಯಿಂದ ಎರಚುವ ಹನಿ ಹಾಸಿಗೆಗೆ ತಾಗದಿರುವುದೂ, ಹಾಸಿಗೆಯ ಪಕ್ಕದಲ್ಲಿ ಗಾಳಿಯಾಡುವುದೂ ಅದರಿಂದಲೇ ಸಾಧ್ಯ. ಗಂಡ ಕೊನೆಗೆ ಒಪ್ಪಿದರು, ಆದರೆ ಮನಸ್ಸಿಲ್ಲದೆ. ಮೂವರು ಒಟ್ಟಿಗೆ ಮಲಗುವ ಸುಖವನ್ನು ಈ ಕೋಣೆ ಕಳೆದುಕೊಂಡಿತು ಎಂಬುದು ನಿಜ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ.

ಪೆಟ್ಟಿಗೆ ಮಂಚವೋ, ಕಾಲಿನ ಮಂಚವೋ

ಜೋಗೇಶ್ವರಿಯ ಓಶಿವರಾ ಪೀಠೋಪಕರಣ ಮಾರುಕಟ್ಟೆಯಲ್ಲಿಯೂ ಉಲ್ಹಾಸನಗರದಲ್ಲಿಯೂ ದಂಪತಿ ನೋಡಿಬಂದ ಮಂಚಗಳಲ್ಲಿ ಹೆಚ್ಚಿನವು ನೆಲದವರೆಗೆ ಮುಚ್ಚಿದ ಪೆಟ್ಟಿಗೆ ಮಂಚಗಳೇ ಆಗಿದ್ದವು. ಹೈಡ್ರಾಲಿಕ್ ಮಾದರಿಯಲ್ಲಿ ಹಾಸಿಗೆಯ ಸಮೇತ ಹಲಗೆಯನ್ನು ಮೇಲೆತ್ತಬಹುದು. ಪಕ್ಕದಲ್ಲಿ ಜಾಗ ಬೇಡ. ಆದರೆ ಬಹುತೇಕ ಇಂಥ ಮಂಚಗಳ ಕೀಲು ತಲೆಯ ಕಡೆಗಿದ್ದು, ಎತ್ತುವವರು ಕಾಲಿನ ಕಡೆ ನಿಂತು ಪಟ್ಟಿಯನ್ನು ಎಳೆಯಬೇಕು. ಈ ಕೋಣೆಯಲ್ಲಿ ಹಾಗೆ ಎಳೆಯುವವರ ಬೆನ್ನಿಗೆ ತೊಟ್ಟಿಯ ಗಾಜು ಇರುತ್ತದೆ. ಭಾರವನ್ನು ಎಳೆಯುವಾಗ ಮೊಣಕೈ ಹಿಂದಕ್ಕೆ ಹೋಗುವುದು ಸಹಜ. ಎರಡು ಅಡಿಯ ಜಾಗದಲ್ಲಿ ಅದು ಗಾಜಿಗೇ ಹೋಗುತ್ತದೆ. ಇದೊಂದೇ ಕಾರಣಕ್ಕೆ ನಾನು ಆ ಮಾದರಿಯನ್ನು ಬೇಡವೆಂದೆ.

ನೀರಿನ ಪ್ರಶ್ನೆ ಅದಕ್ಕಿಂತ ದೊಡ್ಡದು. ತೊಟ್ಟಿಯ ಗಾಜುಗಳನ್ನು ಹಿಡಿದಿರುವುದು ಸಿಲಿಕೋನ್ ಅಂಟು. ವರ್ಷಗಳು ಕಳೆದಂತೆ ಅದು ಬಿಡಬಹುದು. ಕೊಳವೆ ಜಾರಬಹುದು. ಫಿಲ್ಟರ್ ತುಂಬಿ ಹೊರಚೆಲ್ಲಬಹುದು. ನೆಲಕ್ಕೆ ಬಿದ್ದ ನೀರು ಹುಡುಕುವುದು ಕೆಳಗಿನ ಸಂದಿಯನ್ನು, ಮತ್ತು ನೆಲಕ್ಕೆ ಕೂತ ಪೆಟ್ಟಿಗೆ ಮಂಚದ ಅಡಿಗಿಂತ ಒಳ್ಳೆಯ ಸಂದಿ ಅದಕ್ಕೆ ಸಿಗುವುದಿಲ್ಲ. ಮರದ ಪುಡಿ ಅಥವಾ ನಾರನ್ನು ಅಂಟು ಬೆರೆಸಿ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡ್ ಅಥವಾ ಎಂಡಿಎಫ್ ಹಲಗೆಯ ಅಂಚು ನೀರು ಕುಡಿದರೆ ಊದಿಕೊಳ್ಳುತ್ತದೆ, ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ. ಸ್ಕ್ರೂ ಹಿಡಿತ ಸಡಿಲಾಗುತ್ತದೆ. ಭಾರತೀಯ ಮಾನಕ 303ರ ಪ್ಲೈವುಡ್‌ನಲ್ಲಿಯೂ ತೇವ ತಡೆಯುವ ಎಂಆರ್ ದರ್ಜೆ, ಕುದಿನೀರು ತಡೆಯುವ ಬಿಡಬ್ಲ್ಯುಆರ್ ದರ್ಜೆ ಎಂಬ ಭೇದವಿದೆ. ಅಂಗಡಿಯ ಸಾಮಾನ್ಯ ಪೆಟ್ಟಿಗೆ ಮಂಚಗಳು ಹೆಚ್ಚಾಗಿ ಮೊದಲನೆಯದರವು ಅಥವಾ ಅದಕ್ಕಿಂತ ಕೆಳಗಿನವು. ಇದಲ್ಲದೆ ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರಿನವರೆಗೆ ಗಾಳಿಯೇ ಒದ್ದೆಯಾಗಿರುತ್ತದೆ. ಅದೇ ಕೋಣೆಯಲ್ಲಿ ತೊಟ್ಟಿಯ ನೀರೂ ನಿತ್ಯ ಆವಿಯಾಗುತ್ತಿದ್ದರೆ ಮುಚ್ಚಿದ ಪೆಟ್ಟಿಗೆಯೊಳಗಿನ ಹೊದಿಕೆಗಳಿಗೆ ಬೂಷ್ಟು ಹಿಡಿಯುವುದು ಖಂಡಿತ. ತೊಟ್ಟಿಗೆ ಗಾಜಿನ ಮುಚ್ಚಳ ಹಾಕಿದರೆ ಆವಿ ಬಹಳ ಕಡಿಮೆಯಾಗುತ್ತದೆ, ಮೀನು ಹೊರಗೆ ಹಾರುವುದೂ ತಪ್ಪುತ್ತದೆ. ಆದರೆ ಮುಚ್ಚಳ ಹಾಕಿದ ಮಾತ್ರಕ್ಕೆ ಮಂಚದ ಅಡಿಗೆ ಗಾಳಿ ಬೇಡವೆಂದಾಗುವುದಿಲ್ಲ.

ಕಬ್ಬಿಣದ ಮಂಚವನ್ನೂ ಪರಿಶೀಲಿಸಿದೆವು. ಅಡಿಯಲ್ಲಿ ಪೂರ್ತಿ ತೆರವು, ಹಗುರ, ಬೆಲೆ ಕಡಿಮೆ. ಬಣ್ಣ ಕಿತ್ತ ಕಡೆ ಉಪ್ಪುಗಾಳಿಗೆ ತುಕ್ಕು ಹಿಡಿಯುತ್ತದೆ, ಸಾಮಾನಿಡಲು ಪೆಟ್ಟಿಗೆಯಿಲ್ಲ. ಹೆಂಡತಿ ಅದನ್ನು ನೋಡಿದ ಕ್ಷಣವೇ ಬೇಡವೆಂದರು.

ಕೊನೆಗೆ ಒಪ್ಪಿತವಾದದ್ದು ಭಾಂಡುಪಿನ ಬಡಗಿಯೊಬ್ಬರು ತಮ್ಮ ಕಾರ್ಖಾನೆಯಲ್ಲಿ ಮಾಡಿಕೊಟ್ಟ ನಡುದಾರಿಯ ವಿನ್ಯಾಸ. ಗಟ್ಟಿಮರದ ಚೌಕಟ್ಟು, ನೆಲದಿಂದ ಏಳು ಇಂಚು ಎತ್ತರಕ್ಕೆ ನಿಲ್ಲಿಸುವ ಕಾಲುಗಳು, ಕಾಲುಗಳ ಬುಡಕ್ಕೆ ರಬ್ಬರ್ ಬುಷ್. ತಲೆಯ ಕಡೆಯ ಅರ್ಧಭಾಗದಲ್ಲಿ ಮಾತ್ರ ಬಿಡಬ್ಲ್ಯುಆರ್ ಪ್ಲೈವುಡ್ಡಿನ ಎರಡು ಡ್ರಾಯರುಗಳು, ಅವೂ ನೆಲ ಮುಟ್ಟದೆ ಚೌಕಟ್ಟಿಗೆ ತೂಗಿದಂತೆ. ಅವು ತೆರೆಯುವುದು ಪಶ್ಚಿಮಕ್ಕೆ, ಕಪಾಟು ಮುಗಿದು ಬಾಗಿಲ ಬಳಿ ನೆಲ ಬಿಡುವಾಗಿರುವ ಕಡೆಗೆ. ಕಾಲಿನ ಕಡೆಯ ಅರ್ಧಭಾಗ, ಎಂದರೆ ತೊಟ್ಟಿಗೆ ಹತ್ತಿರದ ಭಾಗ, ಪೂರ್ತಿ ತೆರವು. ಹಾಸಿಗೆಯ ಕೆಳಗೆ ಹಲಗೆಯ ಬದಲು ಎರಡೆರಡು ಇಂಚು ಅಂತರ ಬಿಟ್ಟ ಮರದ ಪಟ್ಟಿಗಳು. ಅವುಗಳ ಮೇಲೆ ಗಾಳಿಯಾಡುವ ತೆಂಗಿನ ನಾರಿನ ಹಾಸಿಗೆ. ಇಡೀ ಮಂಚವನ್ನು ಬೋಲ್ಟ್ ಬಿಚ್ಚಿ ಭಾಗಗಳಾಗಿಸಬಹುದು. ಹಳೆಯ ಕಟ್ಟಡದ ಕಿರಿದಾದ ಲಿಫ್ಟು ಮತ್ತು ಮೆಟ್ಟಿಲಿನ ತಿರುವುಗಳಿಗೆ ಇದು ಅನಿವಾರ್ಯವೂ ಆಗಿತ್ತು.

ಗಾಳಿಯ ವಿಷಯ

ಮಂಚದ ಆಯ್ಕೆಗೂ ಮೀನಿನ ಉಸಿರಿಗೂ ಸಂಬಂಧವಿದೆ ಎಂದರೆ ಮನೆಯವರಿಗೆ ಮೊದಲು ಆಶ್ಚರ್ಯವಾಯಿತು. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಊದುತ್ತದೆ. ಕೋಣೆಯ ಗಾಳಿಯಲ್ಲಿರುವುದೆಲ್ಲ ಗುಳ್ಳೆಗಳ ಮೂಲಕ ನೀರನ್ನು ಮುಟ್ಟುತ್ತದೆ. ಆದ್ದರಿಂದ ಬಡಗಿಯನ್ನು ಮನೆಗೇ ಕರೆಸಿ, ಕೋಣೆಯಲ್ಲಿಯೇ ಮಂಚ ಕೂಡಿಸಿ, ಅಲ್ಲಿಯೇ ಥಿನ್ನರ್ ಬೆರೆಸಿ ಪಾಲಿಶ್ ಹೊಡೆಸುವ ಮುಂಬಯಿಯ ರೂಢಿಯನ್ನು ಇಲ್ಲಿ ಕೈಬಿಡಬೇಕಾಯಿತು. ಪಾಲಿಶ್ ಕಾರ್ಖಾನೆಯಲ್ಲಿಯೇ ಆಗಿ, ವಾಸನೆ ಪೂರ್ತಿ ಆರಿದ ಮೇಲೆ ಮಂಚವನ್ನು ತರಿಸಲಾಯಿತು.

ಇನ್ನೂ ಗಂಭೀರವಾದದ್ದು ಸೊಳ್ಳೆಯ ಔಷಧ. ಮಲೇರಿಯಾ, ಡೆಂಗಿಗಳ ಈ ಊರಿನಲ್ಲಿ ರಾತ್ರಿ ಸೊಳ್ಳೆಯಿಂದ ರಕ್ಷಣೆಯಿಲ್ಲದೆ ಮಕ್ಕಳನ್ನು ಮಲಗಿಸಲು ಸಾಧ್ಯವಿಲ್ಲ. ಗೋಡೆಯ ಸಾಕೆಟ್ಟಿಗೆ ಸಿಕ್ಕಿಸುವ ದ್ರಾವಣದ ಯಂತ್ರ, ಕಾಯಿಲ್, ಸ್ಪ್ರೇ ಇವುಗಳಲ್ಲಿ ಸಾಮಾನ್ಯವಾಗಿ ಇರುವುದು ಪೈರೆಥ್ರಾಯಿಡ್ ಗುಂಪಿನ ರಾಸಾಯನಿಕಗಳು. ಮನುಷ್ಯನ ದೇಹ ಇವನ್ನು ಬೇಗ ಒಡೆದು ಹೊರಹಾಕುತ್ತದೆ. ಮೀನಿನ ದೇಹಕ್ಕೆ ಆ ಶಕ್ತಿ ಬಹಳ ಕಡಿಮೆ, ಹಾಗಾಗಿ ಅತ್ಯಲ್ಪ ಪ್ರಮಾಣವೂ ಅದಕ್ಕೆ ವಿಷ. ಮುಚ್ಚಿದ ಕೋಣೆಯಲ್ಲಿ, ರಾತ್ರಿಯಿಡೀ ಏರ್ ಪಂಪ್ ನಡೆಯುತ್ತಿರುವಾಗ, ಇಂಥ ಯಂತ್ರವನ್ನು ಹಚ್ಚಿಡುವುದು ತೊಟ್ಟಿಗೇ ಔಷಧ ಸುರಿದಂತೆ. ಹಾಗಾದರೆ ಉಳಿಯುವುದು ಸೊಳ್ಳೆ ಪರದೆ. ಕರಾವಳಿಯ ಮನೆಗಳಲ್ಲಿ ಬೆಳೆದ ತಾಯಿಗೆ ಇದು ಹೊಸ ಮಾತಲ್ಲ. ಪರದೆಯ ಮಾತೆತ್ತಿದಾಗ ಇಡೀ ಚರ್ಚೆಯಲ್ಲಿ ಅತ್ಯಂತ ಉತ್ಸಾಹದಿಂದ ಮಾತನಾಡಿದವರು ಅವರೇ. ಮಂಚದ ನಾಲ್ಕು ಕಾಲುಗಳ ನೆತ್ತಿಯಲ್ಲಿ ತೂತು ಕೊರೆಸಿ, ಬೇಕಾದಾಗ ಸಿಕ್ಕಿಸಿ ಬೇಡವಾದಾಗ ತೆಗೆದಿಡಬಹುದಾದ ನಾಲ್ಕು ಕೋಲುಗಳನ್ನು ಮಾಡಿಸಲಾಯಿತು. ಪರದೆಯ ನೆತ್ತಿ ನೆಲದಿಂದ ಆರೂವರೆ ಅಡಿಗೆ ನಿಲ್ಲುವುದರಿಂದ ಫ್ಯಾನಿಗೆ ತಗಲುವುದಿಲ್ಲ, ಅಂಚನ್ನು ಹಾಸಿಗೆಯ ಅಡಿಗೇ ಸಿಕ್ಕಿಸುವುದರಿಂದ ಎರಡು ಅಡಿಯ ದಾರಿಗೂ ಅಡ್ಡಿಯಿಲ್ಲ. ಕಿಟಕಿಗೆ ಜಾಲರಿ ಬಂದಿತು. ಈಚಿನ ಅಂಗಡಿ ಮಂಚಗಳಲ್ಲಿ ಪರದೆಯ ಕೋಲಿಗೆ ಜಾಗವೇ ಇರುವುದಿಲ್ಲವೆಂಬುದನ್ನು ಗಮನಿಸಿದರೆ, ಬಡಗಿಯ ಬಳಿಗೆ ಹೋಗಲು ಇದೊಂದೇ ಕಾರಣ ಸಾಕಾಗಿತ್ತು ಎಂದು ನನಗನ್ನಿಸುತ್ತದೆ.

ತಿಗಣೆಯ ವಿಷಯವೂ ಇದಕ್ಕೆ ಹೊಂದಿಕೊಂಡಿದೆ. ಕಿಕ್ಕಿರಿದ ಮುಂಬಯಿಯಲ್ಲಿ ಎಷ್ಟು ಶುಚಿಯಾಗಿದ್ದರೂ ಯಾರ ಚೀಲದೊಂದಿಗೋ ತಿಗಣೆ ಬರುವುದುಂಟು. ಪೆಟ್ಟಿಗೆ ಮಂಚದ ನೂರು ಸಂದಿಗಳಲ್ಲಿ ಅದು ಸೇರಿಕೊಂಡರೆ ಔಷಧ ಹೊಡೆಯುವವರನ್ನು ಕರೆಸದೆ ಗತಿಯಿಲ್ಲ, ಆ ಔಷಧ ಮೀನಿಗೆ ಮಾರಕ. ಸಂದಿ ಕಡಿಮೆಯಿರುವ, ಬಿಚ್ಚಿ ಹೊರಗೊಯ್ದು ಬಿಸಿನೀರು ಹುಯ್ಯಬಹುದಾದ ಮಂಚವಿದ್ದರೆ ಮೊದಲ ಹಂತದಲ್ಲಿಯೇ ಅದನ್ನು ತಡೆಯಲು ಅವಕಾಶವಿರುತ್ತದೆ.

ಸದ್ದು, ಬೆಳಕು, ವಿದ್ಯುತ್ತು

ತಲೆ ದಕ್ಷಿಣಕ್ಕೂ ತೊಟ್ಟಿ ಉತ್ತರಕ್ಕೂ ಇರುವುದರಿಂದ ಮಲಗಿದವರ ಕಿವಿಗೂ ಪಂಪಿಗೂ ನಡುವೆ ಕೋಣೆ ಕೊಡಬಹುದಾದ ಗರಿಷ್ಠ ಅಂತರವಿದೆ. ಆದರೂ ಮೊದಲ ದಿನಗಳಲ್ಲಿ ಹೆಂಡತಿಗೆ ಸದ್ದಿನಿಂದ ನಿದ್ದೆ ಬರಲಿಲ್ಲ. ಪಂಪ್ ಸ್ಟ್ಯಾಂಡಿನ ಹಲಗೆಗೆ ತಾಗಿ ನಡುಗುತ್ತಿದ್ದುದೇ ಕಾರಣ. ನೀರಿನ ಮಟ್ಟಕ್ಕಿಂತ ಮೇಲೆ ಗೋಡೆಗೆ ಸಣ್ಣ ಹಲಗೆ ಹೊಡೆಸಿ, ಅದರ ಮೇಲೆ ದಪ್ಪ ಸ್ಪಂಜು ಹಾಸಿ ಪಂಪನ್ನು ಇಟ್ಟಾಗ ಸದ್ದು ಅಡಗಿತು. ಪಂಪ್ ನೀರಿಗಿಂತ ಮೇಲಿರುವುದು ಇನ್ನೊಂದು ಕಾರಣಕ್ಕೂ ಅಗತ್ಯ: ಕೆಳಗಿದ್ದರೆ, ಕರೆಂಟು ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿಗೂ ನೆಲಕ್ಕೂ ಬರುತ್ತದೆ. ತೊಟ್ಟಿಯ ದೀಪಕ್ಕೆ ಟೈಮರ್ ಹಾಕಿ, ಮಗ ಶಾಲೆಯಿಂದ ಬಂದ ಮೇಲೆ ಹೊತ್ತಿ ರಾತ್ರಿ ಒಂಬತ್ತೂವರೆಗೆ ಆರುವಂತೆ ಮಾಡಲಾಯಿತು. ಕೋಣೆಯ ದೀಪಕ್ಕಿಂತ ಮೊದಲು ತೊಟ್ಟಿಯ ದೀಪ ಆರಿದರೆ ಮೀನುಗಳು ಒಮ್ಮೆಲೇ ಕತ್ತಲಾಗಿ ಬೆದರುವುದಿಲ್ಲ.

ವಿದ್ಯುತ್ತಿನ ಬಗೆಗೆ ನಾನು ಯಾವ ರಾಜಿಯನ್ನೂ ಒಪ್ಪಲಿಲ್ಲ. ಮಂಚದ ಅಡಿಯ ನೆಲದ ಮೇಲೆ ಎಕ್ಸ್‌ಟೆನ್ಶನ್ ಬೋರ್ಡ್ ಇಡುವುದು ಬಹಳ ಮನೆಗಳ ಅಭ್ಯಾಸ. ಚೆಲ್ಲಿದ ನೀರು ಮೊದಲು ತಲುಪುವ ಸ್ಥಳವೂ ಅದೇ. ತೊಟ್ಟಿಯ ಪಕ್ಕದ ಗೋಡೆಯಲ್ಲಿ, ನೀರಿನ ಮಟ್ಟಕ್ಕಿಂತ ಮೇಲೆ, ಪ್ರತ್ಯೇಕ ಸಾಕೆಟ್ ಕೊಡಿಸಿ, ಮನೆಯ ಬೋರ್ಡಿನಲ್ಲಿ ವಿದ್ಯುತ್ತು ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ ಹಾಕಿಸಲಾಯಿತು. ವಯರುಗಳು ಸಾಕೆಟ್ಟಿಗೆ ಏರುವ ಮೊದಲು ಒಮ್ಮೆ ಕೆಳಕ್ಕೆ ಜೋತುಬೀಳುವಂತೆ ಬಿಟ್ಟರೆ, ವಯರಿನಗುಂಟ ಇಳಿಯುವ ಹನಿ ಆ ತಗ್ಗಿನಲ್ಲಿಯೇ ತೊಟ್ಟಿಕ್ಕುತ್ತದೆ, ಸಾಕೆಟ್ ಮುಟ್ಟುವುದಿಲ್ಲ.

ಮೊದಲ ಮಳೆಗಾಲದ ನಂತರ

ಒಂದು ಮಳೆಗಾಲ ಕಳೆದ ಮೇಲೆ ನಾನು ಆ ಮನೆಗೆ ಹೋಗಿ ನೋಡಿದೆ. ನೀರು ಬದಲಿಸುವಾಗ ಒಮ್ಮೆ ಕೊಳವೆ ಜಾರಿ ಬಕೆಟಿನಷ್ಟು ನೀರು ನೆಲಕ್ಕೆ ಹೋಗಿತ್ತು. ಮಂಚದ ಅಡಿಗೆ ಏಳು ಇಂಚಿನ ಎತ್ತರದಲ್ಲಿ ನೆಲ ಒರೆಸುವ ಕೋಲು ಸಲೀಸಾಗಿ ಆಡುವುದರಿಂದ ನೀರನ್ನು ಕೂಡಲೇ ಬಚ್ಚಲುಮನೆಯ ಕಡೆಗೆ ಎಳೆದು ಹಾಕಿದರಂತೆ. ಡ್ರಾಯರುಗಳಿಗೆ ತೇವ ತಗಲಿರಲಿಲ್ಲ, ಕೆಳಮನೆಯವರಿಗೂ ಸೋರಿರಲಿಲ್ಲ. ಹಾಸಿಗೆಯನ್ನು ಎತ್ತಿ ಅಡಿಭಾಗ ನೋಡಿದೆ, ಬೂಷ್ಟಿನ ಕಲೆ ಇರಲಿಲ್ಲ. ಕಪಾಟಿನ ಹಿಂಬದಿಯ ಗೋಡೆಯಲ್ಲಿ ಮಾತ್ರ ಸ್ವಲ್ಪ ಬೂಷ್ಟು ಕಂಡಿತು. ಏಸಿಯನ್ನು ಬಹಳ ತಣ್ಣಗೆ ಹಾಕಿದರೆ ತೊಟ್ಟಿಯ ನೀರೂ ತಣಿದು ಬೆಚ್ಚನೆಯ ನೀರಿನಲ್ಲಿ ಬಾಳುವ ಮೀನುಗಳು ಮಂಕಾಗುತ್ತವೆಂದು ಅವರು ಏಸಿಯನ್ನು 26 ಡಿಗ್ರಿಗೆ ನಿಲ್ಲಿಸಿದ್ದಾರೆ. ತಮಗೂ ಅದೇ ಸಾಕೆನಿಸಿದೆ ಎಂದು ಹೇಳಿದರು.

ಎಲ್ಲವೂ ಬಗೆಹರಿದಿಲ್ಲ. ಡ್ರಾಯರುಗಳಲ್ಲಿ ಹಿಡಿಯುವುದು ಪೂರ್ತಿ ಪೆಟ್ಟಿಗೆಯ ಅರ್ಧದಷ್ಟೇ ಆದ್ದರಿಂದ ಸೂಟ್‌ಕೇಸುಗಳು ಕಪಾಟಿನ ನೆತ್ತಿಗೆ ಏರಿವೆ, ಹಬ್ಬದ ಪಾತ್ರೆಗಳು ಅಡುಗೆಮನೆಯ ಅಟ್ಟಕ್ಕೆ ಹೋಗಿವೆ; ಹೆಂಡತಿಗೆ ಈ ಬಗ್ಗೆ ಅಸಮಾಧಾನವಿದೆ. ಮಗ ಈಗ ಹಾಲಿನಲ್ಲಿ ಅಜ್ಜಿಯ ದಿವಾನಿನ ಪಕ್ಕ ನೆಲಕ್ಕೆ ಹಾಸಿಕೊಂಡು ಮಲಗುತ್ತಾನೆ, ಆದರೆ ತೊಟ್ಟಿಯ ಕೆಲಸದ ದಿನ ಬಕೆಟಿಗೆ ಮೊದಲು ಕೈಹಾಕುವವನು ಅವನೇ. ಮಂಚದ ಅಂಚಿನಲ್ಲಿ ಕುಣಿಯಬಾರದೆಂಬ ನಿಯಮವನ್ನು ಅವನಿಗೆ ಹೇಳಿ ಒಪ್ಪಿಸಲಾಗಿದೆ. ಮೂರು ತಿಂಗಳಿಗೊಮ್ಮೆ ಮಂಚದ ಬೋಲ್ಟುಗಳನ್ನು ಬಿಗಿ ಮಾಡುವುದು, ಅದೇ ದಿನ ತೊಟ್ಟಿಯ ಸಿಲಿಕೋನ್ ಅಂಚುಗಳನ್ನು ಬೆರಳಾಡಿಸಿ ಪರೀಕ್ಷಿಸುವುದು ಗಂಡನ ಪಾಲಿನ ಕೆಲಸ. ನಾಲ್ಕು ಅಡಿಯ ತೊಟ್ಟಿಯ ಆಸೆಯನ್ನು ಅವರು ಪೂರ್ತಿ ಬಿಟ್ಟಿಲ್ಲ. ಸೊಸೈಟಿ ಪುನರ್ನಿರ್ಮಾಣಕ್ಕೆ ಹೋದರೆ ಹೊಸ ಮನೆಯ ನಕ್ಷೆ ಕೈಗೆ ಬಂದಾಗಲೇ ತೊಲೆಯ ಸ್ಥಾನವನ್ನು ಕೇಳಿ ಗುರುತು ಹಾಕಿಕೊಳ್ಳುವುದಾಗಿ ಹೇಳಿದ್ದಾರೆ.